ದಿನ ತುಂಬುವ ತನಕ

ನನ್ನ ತಂಗಿ ಬಸುರಿಯಾಗಿದ್ದ ಕಾಲದಲ್ಲಿ ನಾವಿಬ್ಬರೂ ಸೇರಿ ಬರೆಯುತ್ತಿದ್ದ ನೋಟ್‌ಬುಕ್ ಒಂದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಒಂದು ಗೆರೆ ಎಳೆದಿದ್ದೇವೆ. ಗೆರೆಯ ಎಡಕ್ಕೆ ಗರ್ಭಕ್ಕೆ ಎಷ್ಟು ವಾರ, ಮಗುವಿನ ಅಂದಾಜು ತೂಕವೆಷ್ಟು, ದಿನಕ್ಕೆ ಎಷ್ಟು ಸಲ ಒದೆಯಿತು ಎಂಬ ಲೆಕ್ಕ. ಬಲಕ್ಕೆ ಬಿಳಿ ರಕ್ತಕಣಗಳ ಸಂಖ್ಯೆ, ಹಿಮೋಗ್ಲೋಬಿನ್, ಗಡ್ಡೆಯ ಅಳತೆ, ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿಯ ಮುಂದಿನ ದಿನಾಂಕ. ಬೇರೆಯವರ ಕೈಗೆ ಸಿಕ್ಕರೆ ಇಬ್ಬರು ರೋಗಿಗಳ ದಾಖಲೆಯೆಂದೇ ತಿಳಿದಾರು. 24, 27, 30 ಮತ್ತು 33ನೇ ವಾರಗಳ ಎದುರು ಮಾತ್ರ ಎರಡೂ ಬದಿಯನ್ನು ಸೇರಿಸಿ ಕೆಂಪು ಶಾಯಿಯಲ್ಲಿ ಒಂದೊಂದು ಸುತ್ತು ಹಾಕಿದೆ.

ಕಳೆದ ತಿಂಗಳು ಪರಿಚಯದ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, ತನ್ನ ಅತ್ತಿಗೆಗೆ ಐದನೇ ತಿಂಗಳಲ್ಲಿ ಕ್ಯಾನ್ಸರ್ ಪತ್ತೆಯಾಗಿದೆ, ಮಗುವನ್ನು ತೆಗೆಸದೆ ಬೇರೆ ದಾರಿಯೇ ಇಲ್ಲವಂತೆ, ಹೌದೇ ಎಂದು ಕೇಳಿದಳು. ಆ 'ಅಂತೆ'ಯನ್ನು ನಾವೂ ಕೇಳಿದ್ದೆವು. ಅದು ಎಷ್ಟು ಬೇಗ ಮನೆಯೊಳಗೆ ಬಂದು ಕೂತುಬಿಡುತ್ತದೆ, ಒಮ್ಮೆ ಕೂತಮೇಲೆ ಅದನ್ನು ಎಬ್ಬಿಸಲು ಎಷ್ಟು ಕಷ್ಟಪಡಬೇಕಾಗುತ್ತದೆ ಎಂಬುದು ನನಗೆ ಗೊತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯೆಯಲ್ಲ. ಆದರೆ ಆ ತಿಂಗಳುಗಳಲ್ಲಿ ವೈದ್ಯರು ಹೇಳಿದ್ದನ್ನೆಲ್ಲ ಬರೆದುಕೊಂಡೆ, ಅರ್ಥವಾಗದ್ದನ್ನು ಮತ್ತೆ ಕೇಳಿದೆ, ಆಮೇಲಿನ ವರ್ಷಗಳಲ್ಲಿ ಈ ವಿಷಯದ ಅಧ್ಯಯನಗಳನ್ನು ಹುಡುಕಿ ಓದಿದೆ.

ತಂಗಿಯ ಕೈಗೆ ಆ ಗಂಟು ಸಿಕ್ಕಿದ್ದು 16ನೇ ವಾರದಲ್ಲಿ, ಸ್ನಾನ ಮಾಡುವಾಗ. ಎಡ ಸ್ತನದ ಹೊರಬದಿಯಲ್ಲಿ, ಕಂಕುಳಿಗೆ ಸಮೀಪದಲ್ಲಿ, ಗೋಲಿಯಷ್ಟು ಗಾತ್ರದ್ದು, ನೋವಿಲ್ಲದ್ದು. ಆಗ ನೋಡುತ್ತಿದ್ದ ವೈದ್ಯರು ಬೆರಳಿನಿಂದ ಒತ್ತಿ ನೋಡಿ, ಹಾಲಿನ ಗಂಟು, ಬಸುರಿನಲ್ಲಿ ಇದೆಲ್ಲ ಸಾಮಾನ್ಯ ಎಂದರು. ನಾನೂ ಹಾಗೆಯೇ ಹೇಳಿದೆ. ಅವಳು ಎರಡು ಸಲ ಕೇಳಿದ್ದಳು; ಎರಡು ಸಲವೂ ನಾನು ಅವಳ ಭಯವನ್ನು ಸಮಾಧಾನಪಡಿಸಿದೆನೇ ಹೊರತು ಗಂಟನ್ನು ವಿಚಾರಿಸಲಿಲ್ಲ. 22ನೇ ವಾರದಲ್ಲಿ ಬೇರೆ ಕಾರಣಕ್ಕೆ ಭೇಟಿಯಾದ ಇನ್ನೊಬ್ಬ ವೈದ್ಯೆ ಅದನ್ನು ಮುಟ್ಟಿ ನೋಡಿ ಮಾತು ನಿಲ್ಲಿಸಿದರು. ಅದೇ ದಿನ ಅಲ್ಟ್ರಾಸೌಂಡ್, ಮರುದಿನ ಬಯಾಪ್ಸಿ. ನಡುವೆ ಹೋದ ಆ ಆರು ವಾರಗಳನ್ನು ನಮ್ಮ ನೋಟ್‌ಬುಕ್ಕಿನಲ್ಲಿ ಎಲ್ಲಿಯೂ ಬರೆದಿಲ್ಲ.

ಮೊದಲ ವೈದ್ಯರ ಮೇಲೆ ನನಗಿದ್ದ ಸಿಟ್ಟು ಪೂರ್ತಿ ಹೋಗಿಲ್ಲ. ಆದರೂ ಆ ತಪ್ಪು ಹೇಗೆ ನಡೆಯುತ್ತದೆ ಎಂಬುದು ಈಗ ಅರ್ಥವಾಗುತ್ತದೆ. ಗರ್ಭಧಾರಣೆ ಮತ್ತು ಕ್ಯಾನ್ಸರ್ ಎರಡೂ ದೇಹದಲ್ಲಿ ಒಂದೇ ಬಗೆಯ ಕುರುಹುಗಳನ್ನು ತೋರುತ್ತವೆ. ಬಸುರಿಯ ಸ್ತನಗಳು ಹಿಗ್ಗಿ ಗಟ್ಟಿಯಾಗುವುದರಿಂದ ಗಡ್ಡೆಯೊಂದು ಅದರೊಳಗೆ ಸುಲಭವಾಗಿ ಮರೆಯಾಗುತ್ತದೆ. ಆಯಾಸ, ವಾಂತಿ, ಮಲಬದ್ಧತೆ, ರಕ್ತಹೀನತೆ, ಬೆನ್ನುನೋವು ಯಾವ ಬಸುರಿಗೆ ಇರುವುದಿಲ್ಲ? ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾದ ಸುಸ್ತು ಕಬ್ಬಿಣಾಂಶದ ಕೊರತೆಯ ಸುಸ್ತಿನಂತೆ ಕಾಣುತ್ತದೆ, ಕರುಳಿನ ಕ್ಯಾನ್ಸರಿನ ರಕ್ತಸ್ರಾವ ಮೂಲವ್ಯಾಧಿಯಂತೆ ಕಾಣುತ್ತದೆ, ಗರ್ಭಕಂಠದ ಕ್ಯಾನ್ಸರಿನ ರಕ್ತಸ್ರಾವ ಗರ್ಭಕ್ಕೇ ಸಂಬಂಧಿಸಿದ್ದೆಂದು ತೋರುತ್ತದೆ. ಬಸುರಿನಲ್ಲಿ ಬಣ್ಣ ಬದಲಾಗುವ ಮಚ್ಚೆಯ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕ್ಯಾನ್ಸರನ್ನು ಸೂಚಿಸುವ ಸಿಎ-125, ಎಎಫ್‌ಪಿಯಂಥ ಕೆಲವು ರಕ್ತಪರೀಕ್ಷೆಗಳ ಅಂಕಿಗಳು ಬಸುರಿನಿಂದಲೇ ಏರುವುದರಿಂದ ಅವನ್ನೂ ನೆಚ್ಚಿಕೊಳ್ಳುವಂತಿಲ್ಲ. ಹೀಗಾಗಿ ತಾಯಿಗೆ ಒದಗುವ ಮೊದಲ ಅಪಾಯ, ನನ್ನ ತಿಳಿವಳಿಕೆಯ ಮಟ್ಟಿಗೆ, ಯಾವ ಔಷಧಿಯಿಂದಲೂ ಬರುವುದಲ್ಲ. 'ಬಸುರಿನಲ್ಲಿ ಇದೆಲ್ಲ ಸಾಮಾನ್ಯ' ಎಂಬ ಮಾತಿನಿಂದ ಬರುವುದು. ಬಸುರಿಯಾಗಲಿ ಹಾಲುಣಿಸುವ ತಾಯಿಯಾಗಲಿ, ಸ್ತನದಲ್ಲಿ ಎರಡು ವಾರ ಕಳೆದರೂ ಕರಗದೆ ಉಳಿದ ಗಂಟನ್ನು ಅಲ್ಟ್ರಾಸೌಂಡ್ ಮಾಡಿಸಿ ನೋಡಲೇಬೇಕು ಎಂದು ತಂಗಿಯ ಕ್ಯಾನ್ಸರ್ ತಜ್ಞೆ ಹೇಳಿದ್ದನ್ನು ನಾನು ಈಗ ಸಿಕ್ಕ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಸುಮಾರು ಸಾವಿರ ಗರ್ಭಧಾರಣೆಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಜೊತೆಯಾಗುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಅವುಗಳಲ್ಲಿ ಸ್ತನ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್, ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾ, ಲ್ಯುಕೇಮಿಯಾ, ಚರ್ಮದ ಕ್ಯಾನ್ಸರಾದ ಮೆಲನೋಮಾ, ಥೈರಾಯ್ಡ್ ಮತ್ತು ಅಂಡಾಶಯದ ಕ್ಯಾನ್ಸರ್‌ಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಮೊದಲ ಹೆರಿಗೆಯ ವಯಸ್ಸು ಮುಂದಕ್ಕೆ ಹೋದಂತೆಲ್ಲ, ಬಸುರಾಗುವ ವರ್ಷಗಳೂ ಕ್ಯಾನ್ಸರ್ ಕಾಣಿಸಿಕೊಳ್ಳತೊಡಗುವ ವರ್ಷಗಳೂ ಒಂದರ ಮೇಲೊಂದು ಬೀಳುತ್ತಿವೆ. ಸಾವಿರಕ್ಕೆ ಒಂದು ಎಂದರೆ ಅಪರೂಪವೇ. ಆದರೆ ಯಾರೂ ಕಂಡೇ ಇಲ್ಲ ಎನ್ನುವಷ್ಟು ಅಪರೂಪವಲ್ಲ.

ಬಯಾಪ್ಸಿ ಎಂದ ಕೂಡಲೇ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ಅದರಿಂದ ಮಗುವಿಗೆ ಏನಾದರೂ ಆದರೆ ಎಂಬುದು. ಏನೂ ಆಗುವುದಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ದಪ್ಪ ಸೂಜಿಯಿಂದ ಅಂಗಾಂಶದ ಎಳೆಯನ್ನು ತೆಗೆಯುತ್ತಾರೆ. ಅಲ್ಟ್ರಾಸೌಂಡಿನಲ್ಲಿ ವಿಕಿರಣವೇ ಇಲ್ಲ. ಗ್ಯಾಡೊಲಿನಿಯಂ ಎಂಬ ಬಣ್ಣದ್ರವವನ್ನು ಚುಚ್ಚದೆ ಮಾಡುವ ಎಂಆರ್‌ಐಯನ್ನೂ ಮಾಡಬಹುದು. ಮ್ಯಾಮೊಗ್ರಾಂ ಮತ್ತು ಎದೆಯ ಎಕ್ಸ್‌ರೇಯಿಂದ ಮಗುವಿಗೆ ತಲುಪುವ ವಿಕಿರಣದ ಪ್ರಮಾಣ, ಅದನ್ನು ಅಳೆಯುವ ಮಾನವಾದ ಮಿಲಿಗ್ರೇಯಲ್ಲಿ ಹೇಳುವುದಾದರೆ, ಒಂದು ಮಿಲಿಗ್ರೇಯ ನೂರನೇ ಒಂದು ಭಾಗವನ್ನೂ ಮೀರುವುದಿಲ್ಲ. ಭ್ರೂಣದ ಬೆಳವಣಿಗೆಗೆ ಧಕ್ಕೆ ತರಬಹುದಾದ ಮಟ್ಟವೆಂದು ವೈದ್ಯಲೋಕ ಎಚ್ಚರಿಸುವುದು 100 ಮಿಲಿಗ್ರೇ ಆಸುಪಾಸಿನಿಂದ. ಹೊಟ್ಟೆಯ ಸಿಟಿ ಸ್ಕ್ಯಾನ್ ಮತ್ತು ಪೆಟ್ ಸ್ಕ್ಯಾನ್‌ಗಳನ್ನು ಮಾತ್ರ ಸಾಧ್ಯವಾದಷ್ಟೂ ದೂರವಿಡುತ್ತಾರೆ. ತಪಾಸಣೆಗೆ ಹೆದರಿ ಹೆರಿಗೆಯಾಗುವವರೆಗೆ ಕಾಯುವುದು ಮಗುವನ್ನು ಕಾಪಾಡಿದಂತೆ ತೋರಿದರೂ ಆ ತಿಂಗಳುಗಳಲ್ಲಿ ಬೆಳೆಯುವುದು ಮಗುವೊಂದೇ ಅಲ್ಲ.

ಇಲ್ಲಿ ಒಂದು ಸೋಜಿಗದ ಸಂಗತಿಯನ್ನು ಹೇಳಬೇಕು. ಬಸುರಿಯ ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ನೋಡಿ ಮಗುವಿಗೆ ವರ್ಣತಂತುವಿನ ದೋಷವಿದೆಯೇ ಎಂದು ಹೇಳುವ ಎನ್‌ಐಪಿಟಿ ಪರೀಕ್ಷೆ ಈಗ ಅನೇಕ ಕಡೆ ಬಳಕೆಯಲ್ಲಿದೆ. ಆ ತುಣುಕುಗಳಲ್ಲಿ ಹೆಚ್ಚಿನವು ತಾಯಿಯವೇ ಆದ್ದರಿಂದ, ತಾಯಿಯ ದೇಹದಲ್ಲಿ ಎಲ್ಲೋ ಅಡಗಿರುವ ಗಡ್ಡೆಯ ಡಿಎನ್‌ಎ ಕೂಡ ಅದರಲ್ಲಿ ಕಾಣಿಸಿಕೊಳ್ಳಬಹುದು. ಆಗ ವರದಿ ಅರ್ಥವಾಗದ ರೀತಿಯಲ್ಲಿ ಅಸ್ತವ್ಯಸ್ತವಾಗಿರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವಿಚಿತ್ರ ವರದಿ ಬಂದಿದ್ದ 107 ಮಹಿಳೆಯರನ್ನು ತಪಾಸಿಸಿದಾಗ 52 ಮಂದಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. ಮಗುವಿಗಾಗಿ ಮಾಡಿಸಿದ ಪರೀಕ್ಷೆ ತಾಯಿಯ ರೋಗವನ್ನು ತೋರಿಸಿಕೊಟ್ಟಿತು.

ಬಯಾಪ್ಸಿಯ ವರದಿ ಬಂದ ಸಂಜೆ ಮನೆ ತುಂಬ ಜನ. ದೂರದಿಂದ ಫೋನ್ ಮಾಡಿದವರೂ ಸೇರಿ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ತಾಯಿಯನ್ನು ಉಳಿಸಿಕೊಳ್ಳುವುದೋ, ಮಗುವನ್ನೋ? ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ನಮ್ಮ ಅಮ್ಮನೇ ಒಳಕೋಣೆಗೆ ನನ್ನನ್ನು ಕರೆದು, ಇವಳು ಬದುಕಿದ್ದರೆ ಮಕ್ಕಳು ಮುಂದೆಯೂ ಆಗಬಹುದು, ನೀನಾದರೂ ಹೇಳು ಎಂದು ಅತ್ತರು. ಆ ರಾತ್ರಿ ತಂಗಿ ನನ್ನ ಕೈ ಹಿಡಿದುಕೊಂಡು, "ಅಕ್ಕ, ನಾನು ಯಾರನ್ನು ಆರಿಸಬೇಕು ಅಂತ ಎಲ್ಲರೂ ಕೇಳ್ತಿದ್ದಾರೆ, ಆರಿಸೋದಕ್ಕೆ ಆಗುತ್ತಾ ಅಂತ ಯಾರೂ ಕೇಳ್ತಿಲ್ಲ" ಎಂದಳು.

ಮರುದಿನ ನಾವು ಕಂಡ ಕ್ಯಾನ್ಸರ್ ತಜ್ಞೆ ವರದಿಯ ಕವರನ್ನು ಬಿಡಿಸುವ ಮೊದಲೇ ತಂಗಿಯ ಮುಖ ನೋಡಿ, ಇವತ್ತಿಗೆ ಎಷ್ಟು ವಾರ, ಎಷ್ಟು ದಿನ ಎಂದು ಕೇಳಿದರು. 22 ವಾರ, 5 ದಿನ. ಅವರು ಅದನ್ನು ಕಾಗದದ ಮೇಲೆ ಬರೆದುಕೊಂಡು, ಅದರ ಮುಂದೆ ಒಂದು ಉದ್ದ ಗೆರೆ ಎಳೆದು, ಕೊನೆಯಲ್ಲಿ ದಿನ ತುಂಬುವ ವಾರವಾದ 37 ಎಂದು ಬರೆದರು. ನಮ್ಮ ನೋಟ್‌ಬುಕ್ಕಿನ ಗೆರೆ ಹುಟ್ಟಿದ್ದು ಆ ಗೆರೆಯಿಂದ. ಗರ್ಭಪಾತ ಮಾಡಿಸುವುದರಿಂದ ಸ್ತನ ಕ್ಯಾನ್ಸರ್ ತಾನಾಗಿ ತಗ್ಗುವುದಿಲ್ಲ, ತಾಯಿಯ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಬಸುರಿನಲ್ಲಿ ಪತ್ತೆಯಾದ ಸ್ತನ ಕ್ಯಾನ್ಸರನ್ನು ಅದೇ ವಯಸ್ಸಿನ, ಅದೇ ಹಂತದ ಬಸುರಿಯಲ್ಲದ ಹೆಂಗಸಿನ ಕ್ಯಾನ್ಸರಿನೊಂದಿಗೆ ಹೋಲಿಸಿದರೆ, ಚಿಕಿತ್ಸೆ ಸರಿಯಾಗಿ ನಡೆದಲ್ಲಿ, ಬದುಕುಳಿಯುವ ಸಾಧ್ಯತೆಯಲ್ಲಿ ದೊಡ್ಡ ಅಂತರವಿರುವುದಿಲ್ಲ. ಗರ್ಭವನ್ನು ಮುಂದುವರಿಸುವುದೋ ಬೇಡವೋ ಎಂಬುದು ಅವಳ ನಿರ್ಧಾರ, ಅವಳೊಬ್ಬಳದೇ ನಿರ್ಧಾರ ಎಂದೂ ಅವರು ನಮ್ಮೆಲ್ಲರ ಕಡೆ ನೋಡಿ ಹೇಳಿದರು.

ಎಲ್ಲರಿಗೂ ಉತ್ತರ ಇಷ್ಟು ನೇರವಾಗಿರುವುದಿಲ್ಲ ಎಂಬುದನ್ನು ಮರೆಮಾಚಬಾರದು. ತೀವ್ರ ಸ್ವರೂಪದ ಲ್ಯುಕೇಮಿಯಾ ಮೊದಲ ಮೂರು ತಿಂಗಳಲ್ಲಿ ಪತ್ತೆಯಾದರೆ ವಾರಗಟ್ಟಲೆ ಕಾಯಲು ಆಗುವುದಿಲ್ಲ. ತಡಮಾಡಿದರೆ ತಾಯಿಯೇ ಉಳಿಯುವುದಿಲ್ಲ, ತಡಮಾಡದೆ ಕೊಡುವ ಔಷಧಿಗಳು ಆ ಹಂತದ ಭ್ರೂಣಕ್ಕೆ ಮಾರಕ. ಅಲ್ಲಿ ವೈದ್ಯರು ಗರ್ಭಪಾತದ ಮಾತನ್ನು ಎತ್ತುವುದು ಕರುಣೆಯಿಲ್ಲದ್ದಕ್ಕಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ ರೋಗವಿರುವ ಜಾಗವೂ ಮಗುವಿರುವ ಜಾಗವೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅಲ್ಲಿಗೆ ವಿಕಿರಣ ಕೊಟ್ಟು ಮಗುವನ್ನು ಉಳಿಸುವುದು ಸಾಧ್ಯವೇ ಇಲ್ಲ. ಆರಂಭದ ಹಂತವಾಗಿದ್ದರೆ ಸಣ್ಣ ಶಸ್ತ್ರಚಿಕಿತ್ಸೆ, ಸ್ವಲ್ಪ ಮುಂದುವರಿದಿದ್ದರೆ ಮಗು ಬಲಿಯುವವರೆಗೆ ಕೀಮೋ ಕೊಟ್ಟು ರೋಗವನ್ನು ಹಿಡಿದಿಡುವ ಪ್ರಯತ್ನ ನಡೆಯುತ್ತದೆ. ಥೈರಾಯ್ಡಿನ ಹೆಚ್ಚಿನ ಕ್ಯಾನ್ಸರ್‌ಗಳು ನಿಧಾನವಾಗಿ ಬೆಳೆಯುವುದರಿಂದ ಶಸ್ತ್ರಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಬಹುದು. ಆದರೆ ವಿಕಿರಣಶೀಲ ಅಯೋಡಿನ್ ಮಾತ್ರ ಬಸುರಿಗೆ ಸರ್ವಥಾ ನಿಷಿದ್ಧ. ಮೂರನೇ ತಿಂಗಳ ಹೊತ್ತಿಗೆ ಮಗುವಿನ ಥೈರಾಯ್ಡ್ ಗ್ರಂಥಿಯೂ ಅಯೋಡಿನ್ ಹೀರಿಕೊಳ್ಳಲು ಆರಂಭಿಸುವುದರಿಂದ ಆ ಔಷಧಿ ಮಗುವಿನ ಗ್ರಂಥಿಯನ್ನೇ ಸುಟ್ಟುಬಿಡುತ್ತದೆ.

ವಾರಗಳ ಲೆಕ್ಕ ಏಕೆ ಅಷ್ಟು ಮುಖ್ಯ? ಗರ್ಭ ನಿಂತ ಮೊದಲ ಎರಡೂವರೆ ತಿಂಗಳಲ್ಲಿ ಮಗುವಿನ ಹೃದಯ, ನರಹುರಿ, ಕೈಕಾಲು, ಮುಖ ಎಲ್ಲವೂ ರೂಪುಗೊಳ್ಳುತ್ತವೆ. ಕೀಮೋ ಔಷಧಿಗಳು ವೇಗವಾಗಿ ಒಡೆದು ಹೆಚ್ಚುತ್ತಿರುವ ಕೋಶಗಳನ್ನು ಹುಡುಕಿ ಕೊಲ್ಲುತ್ತವೆ. ಆ ಸಮಯದ ಭ್ರೂಣವೆಂದರೆ ಅಂಥ ಕೋಶಗಳ ಗುಡ್ಡೆಯೇ. ಮೊದಲ ತ್ರೈಮಾಸಿಕದಲ್ಲಿ ಕೀಮೋ ಕೊಟ್ಟರೆ ಅಂಗವೈಕಲ್ಯದ ಸಾಧ್ಯತೆ ಶೇಕಡ 10ರಿಂದ 20ರಷ್ಟಿರುತ್ತದೆ, ಗರ್ಭ ಜಾರುವ ಅಪಾಯವೂ ಹೆಚ್ಚು. 14 ವಾರ ದಾಟಿದ ಮೇಲೆ, ಅಂಗಗಳೆಲ್ಲ ಮೂಡಿ ಇನ್ನು ಬೆಳೆಯುವುದಷ್ಟೇ ಉಳಿದಿರುವ ಹೊತ್ತಿನಲ್ಲಿ ಕೊಟ್ಟರೆ, ಅಂಗವೈಕಲ್ಯದ ಸಾಧ್ಯತೆ ಎಲ್ಲ ಬಸುರಿಯರಲ್ಲೂ ಇರುವ ಶೇಕಡ 3ರ ಆಸುಪಾಸಿಗೆ ಇಳಿಯುತ್ತದೆ. ಇದರಲ್ಲಿ ಮಾಸಿನ ಪಾತ್ರವೂ ಇದೆ. ಮಾಸು ತಾಯಿಯ ರಕ್ತದಲ್ಲಿರುವುದನ್ನೆಲ್ಲ ಹಾಗೆಯೇ ಮಗುವಿಗೆ ದಾಟಿಸುವ ಜರಡಿಯಲ್ಲ. ಅದರ ಗೋಡೆಯಲ್ಲಿರುವ ಕೆಲವು ಪ್ರೋಟೀನುಗಳು ಒಳಬಂದ ಔಷಧಿಯನ್ನು ಹಿಡಿದು ತಾಯಿಯ ಕಡೆಗೇ ಮರಳಿ ತಳ್ಳುತ್ತವೆ. ಸ್ತನ ಕ್ಯಾನ್ಸರಿಗೆ ಬಳಸುವ ಡಾಕ್ಸೊರುಬಿಸಿನ್ ಇಂಥ ಔಷಧಿಗಳಲ್ಲಿ ಒಂದು. ಅದರ ಅಲ್ಪ ಭಾಗವಷ್ಟೇ ಮಗುವನ್ನು ತಲುಪುತ್ತದೆ. ಹಾಗೆಂದು ಎಲ್ಲ ಔಷಧಿಯೂ ಸಲ್ಲುವುದಿಲ್ಲ. ಮೆಥೊಟ್ರೆಕ್ಸೇಟ್ ಬೇಡ. ಟ್ರಾಸ್ಟುಜುಮ್ಯಾಬ್ ಕೊಟ್ಟರೆ ಮಗುವಿನ ಸುತ್ತಲಿನ ನೀರು ಬತ್ತುತ್ತದೆ. ಟ್ಯಾಮಾಕ್ಸಿಫೆನ್ ಮಾತ್ರೆ ಹೆರಿಗೆಯ ನಂತರವೇ.

ವಾಂತಿ ತಡೆಯಲು ಕೊಡುವ ಸ್ಟೀರಾಯ್ಡಿನ ವಿಷಯದಲ್ಲೂ ಇದೇ ಸೂಕ್ಷ್ಮವಿದೆ ಎಂದು ತಿಳಿದಾಗ ನನಗೆ ಬೆರಗಾಯಿತು. ಪ್ರೆಡ್ನಿಸೊಲೋನನ್ನು ಮಾಸು ಬಹುಪಾಲು ನಿಷ್ಕ್ರಿಯಗೊಳಿಸುತ್ತದೆ, ಆದ್ದರಿಂದ ತಾಯಿಗೆ ಬೇಕಾದಾಗ ಅದು. ಬೀಟಾಮೆಥಸೋನ್ ಮಾಸನ್ನು ದಾಟಿಹೋಗುತ್ತದೆ, ಆದ್ದರಿಂದ ಅವಧಿಗೆ ಮುನ್ನ ಹುಟ್ಟಲಿರುವ ಮಗುವಿನ ಶ್ವಾಸಕೋಶ ಬಲಿಯಬೇಕಾದಾಗ ಅದು.

ಮೊದಲ ಕೀಮೋ ದಿನ ನಾನು ಅವಳ ಜೊತೆಗಿದ್ದೆ. ಹಾಸಿಗೆಯ ಮೇಲೆ ಅವಳನ್ನು ಅಂಗಾತ ಮಲಗಿಸಲಿಲ್ಲ. ಬಲ ಸೊಂಟದ ಕೆಳಗೆ ದಿಂಬು ಕೊಟ್ಟು ಎಡಕ್ಕೆ ವಾಲಿಸಿ ಮಲಗಿಸಿದರು. ಬೆಳೆದ ಗರ್ಭಕೋಶ ಬೆನ್ನಿನ ಬದಿಯ ದೊಡ್ಡ ರಕ್ತನಾಳದ ಮೇಲೆ ಒತ್ತಿದರೆ ತಾಯಿಗೂ ಮಗುವಿಗೂ ರಕ್ತ ಕಡಿಮೆಯಾಗುತ್ತದೆಯಂತೆ. ನರ್ಸ್ ಮೊದಲು ಅವಳ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಸಣ್ಣ ಡಾಪ್ಲರ್ ಯಂತ್ರವನ್ನು ಅತ್ತಿತ್ತ ಸರಿಸಿ ಮಗುವಿನ ಎದೆಬಡಿತವನ್ನು ಹುಡುಕಿದರು. ಓಡುವ ಕುದುರೆಯ ಗೊರಸಿನ ಸದ್ದಿನಂಥದ್ದು, ನಿಮಿಷಕ್ಕೆ 148. ಅದನ್ನು ಬರೆದುಕೊಂಡು, ಜೆಲ್ ಒರೆಸಿ, ಕೈ ತೊಳೆದು, ಬೇರೆ ಕೈಗವಸು ಹಾಕಿಕೊಂಡು, ದಪ್ಪ ಸಿರಿಂಜಿನಲ್ಲಿ ತುಂಬಿದ್ದ ಕೆಂಪು ಔಷಧಿಯನ್ನು ತಂದರು. ಡಾಕ್ಸೊರುಬಿಸಿನ್ ದಾಳಿಂಬೆ ರಸದ ಬಣ್ಣದ್ದು. ಅದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ ಸುಡುವುದರಿಂದ ಅವರು ಹತ್ತಿರವೇ ಕೂತು, ನಿಧಾನವಾಗಿ, ತೋಳನ್ನೇ ನೋಡುತ್ತ ತಳ್ಳಿದರು. ಆ ಇಡೀ ಹೊತ್ತು ತಂಗಿಯ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಮಗು ಒದೆಯಿತು. ಅವಳು ನನ್ನ ಕಡೆ ನೋಡಲಿಲ್ಲ, ಸಿರಿಂಜಿನ ಕಡೆಯೂ ನೋಡಲಿಲ್ಲ. ಔಷಧಿ ಮುಗಿದ ಮೇಲೆ ಮತ್ತೆ ಜೆಲ್, ಮತ್ತೆ ಡಾಪ್ಲರ್: 146. ಕೆಂಪು ಸುತ್ತಿನೊಳಗೆ ಎರಡೂ ಸಂಖ್ಯೆಗಳಿವೆ.

ಚಿಕಿತ್ಸೆಯಿಂದ ತಾಯಿಗೆ ಆಗುವ ತೊಂದರೆಗಳೂ ಇಮ್ಮಡಿಯಾಗುತ್ತವೆ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಕ್ಯಾನ್ಸರಿನಲ್ಲೂ ಹೆಚ್ಚುತ್ತದೆ. ಎರಡೂ ಕೂಡಿದಾಗ ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಅಪಾಯ ಸಣ್ಣದಲ್ಲ. ಅಗತ್ಯ ಬಿದ್ದವರಿಗೆ ಮಾಸನ್ನು ದಾಟದ ಹೆಪಾರಿನ್ ಚುಚ್ಚುಮದ್ದು ಕೊಡುತ್ತಾರೆ. ಕೀಮೋ ಆದ ಎಂಟು ಹತ್ತು ದಿನಕ್ಕೆ ಬಿಳಿ ರಕ್ತಕಣಗಳು ಕುಸಿಯುತ್ತವೆ. ಆಗ ಬರುವ ಜ್ವರ ಇಬ್ಬರಿಗೂ ಗಂಡಾಂತರ ತರಬಹುದು. ಎರಡನೇ ಕೀಮೋ ನಂತರ ತಂಗಿಗೆ ಒಂದು ರಾತ್ರಿ ಜ್ವರ ನೂರೊಂದಕ್ಕೆ ಏರಿತು. ಬೆಳಗಾಗುವವರೆಗೆ ಕಾಯೋಣ ಎಂದು ಅವಳು ಹೇಳುತ್ತಿದ್ದರೂ ಕೇಳದೆ ಕರೆದೊಯ್ದೆವು. ನಾಲ್ಕು ದಿನ ಆ್ಯಂಟಿಬಯಾಟಿಕ್ ಕೊಟ್ಟು ಇಟ್ಟುಕೊಂಡರು. ಆರು ವಾರ ಕಾದಿದ್ದ ನಾವು ಆ ರಾತ್ರಿ ಆರು ಗಂಟೆಯನ್ನೂ ಕಾಯಲಿಲ್ಲ.

ಮಗುವಿಗೆ ಆಗುವುದೇನು ಎಂಬ ಪ್ರಶ್ನೆಗೆ ಬಹುಕಾಲ ಊಹೆಗಳೇ ಉತ್ತರವಾಗಿದ್ದವು. ಈಗ ನಿಜವಾದ ಉತ್ತರಗಳಿವೆ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದ ಸ್ತ್ರೀರೋಗ ಕ್ಯಾನ್ಸರ್ ತಜ್ಞ ಫ್ರೆಡರಿಕ್ ಅಮಾಂಟ್ ಮತ್ತು ಅವರ ಸಂಗಡಿಗರು, ತಾಯಿಯ ಹೊಟ್ಟೆಯಲ್ಲಿದ್ದಾಗ ಕೀಮೋಗೆ ಒಡ್ಡಿಕೊಂಡಿದ್ದ 70 ಮಕ್ಕಳ ಆರೋಗ್ಯ ಮತ್ತು ಬುದ್ಧಿ ಬೆಳವಣಿಗೆಯನ್ನು ತಪಾಸಿಸಿ 2012ರಲ್ಲಿ ಪ್ರಕಟಿಸಿದರು. 2015ರಲ್ಲಿ ಅದನ್ನು ಹಿಗ್ಗಿಸಿ, ಕ್ಯಾನ್ಸರ್ ಇದ್ದ ತಾಯಂದಿರ 129 ಮಕ್ಕಳನ್ನು ಆರೋಗ್ಯವಂತ ತಾಯಂದಿರ ಅಷ್ಟೇ ಸಂಖ್ಯೆಯ ಮಕ್ಕಳೊಂದಿಗೆ ಹೋಲಿಸಿದರು. ಆ 129ರಲ್ಲಿ 96 ಮಕ್ಕಳು ಕೀಮೋಗೆ ಒಡ್ಡಿಕೊಂಡಿದ್ದವು. ಹೃದಯದಲ್ಲಾಗಲಿ, ಒಟ್ಟು ಬೆಳವಣಿಗೆಯಲ್ಲಾಗಲಿ, ಗ್ರಹಿಕೆಯಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಂತರ ತಂದದ್ದು ಬೇರೆಯೇ ಸಂಗತಿ: ಮಗು ಎಷ್ಟನೇ ವಾರದಲ್ಲಿ ಹುಟ್ಟಿತು ಎಂಬುದು. 2012ರ ಅಧ್ಯಯನದ ಪ್ರಕಾರ ಮಗು ಹೊಟ್ಟೆಯಲ್ಲಿ ಉಳಿದ ಒಂದೊಂದು ಹೆಚ್ಚುವರಿ ತಿಂಗಳಿಗೆ ಬುದ್ಧಿಸೂಚ್ಯಂಕದಲ್ಲಿ ಸರಾಸರಿ 11.6 ಅಂಕಗಳ ಏರಿಕೆ ಕಂಡಿತು.

ಇದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ಕೀಮೋಗೆ ಹೆದರಿ ಮಗುವನ್ನು ಏಳನೇ ತಿಂಗಳಲ್ಲೇ ಹೊರಗೆ ತೆಗೆದುಬಿಡಿ, ಆಮೇಲೆ ತಾಯಿಗೆ ಏನು ಬೇಕಾದರೂ ಕೊಡಿ ಎಂದು ನಾನೇ ವೈದ್ಯೆಯ ಹತ್ತಿರ ಹೇಳಿದ್ದೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳಿದ್ದೆ. ನಾನು ಹೇಳಿದಂತೆ ಮಾಡಿದ್ದರೆ ಮಗುವನ್ನು ಚಿಕ್ಕ ಅಪಾಯದಿಂದ ಬಿಡಿಸಿ ದೊಡ್ಡ ಅಪಾಯಕ್ಕೆ ಒಡ್ಡಿದಂತಾಗುತ್ತಿತ್ತು. ದಿನ ತುಂಬಲಿ ಎಂದು ಹಿರಿಯರು ಬಸುರಿಯರಿಗೆ ಹೇಳುವ ಮಾತು ಇಷ್ಟು ಅಕ್ಷರಶಃ ನಿಜವೆಂದು ನಾನು ತಿಳಿದಿರಲಿಲ್ಲ. 16 ದೇಶಗಳ 1,170 ಮಹಿಳೆಯರ ವಿವರಗಳನ್ನು 1996ರಿಂದ 2016ರವರೆಗೆ ಕಲೆಹಾಕಿದ ದಾಖಲೆಯೊಂದು 2018ರಲ್ಲಿ ಹೊರಬಂದಿತು. ಅದರಲ್ಲಿ ಮಾಹಿತಿ ಲಭ್ಯವಿದ್ದ ಜನನಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳು ಅವಧಿಗೆ ಮುನ್ನವೇ ಹುಟ್ಟಿದ್ದವು. ಅವುಗಳಲ್ಲಿ ಬಹುಪಾಲು ತಾವಾಗಿ ಆದ ಹೆರಿಗೆಗಳಲ್ಲ, ವೈದ್ಯರೇ ಮುಂಚಿತವಾಗಿ ಮಾಡಿಸಿದವು. ಕೆಲವದಕ್ಕೆ ಬಲವಾದ ಕಾರಣಗಳಿದ್ದಿರಬೇಕು. ಕೆಲವದಕ್ಕೆ ಕಾರಣ ನನ್ನಲ್ಲಿದ್ದಂಥ ಹೆದರಿಕೆಯೇ ಇದ್ದಿರಬಹುದು ಎಂಬ ಅನುಮಾನ ನನಗಿದೆ.

ಕೀಮೋ ಮಗುವಿಗೆ ಏನೇನೂ ಮಾಡುವುದಿಲ್ಲ ಎಂದು ಹೇಳಿದರೆ ಅದೂ ತಪ್ಪೇ. ಮಕ್ಕಳು ವಾರಕ್ಕೆ ತಕ್ಕ ತೂಕಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟುವುದು ಹೆಚ್ಚು; ಆದ್ದರಿಂದಲೇ ಎರಡು ಮೂರು ವಾರಕ್ಕೊಮ್ಮೆ ಸ್ಕ್ಯಾನಿಂಗ್. ನಮ್ಮ ನೋಟ್‌ಬುಕ್ಕಿನ ಎಡಬದಿಯಲ್ಲಿ 30ನೇ ವಾರದ ನಂತರ ತೂಕದ ಏರಿಕೆ ಸಣ್ಣದಾಗುತ್ತ ಹೋಗಿರುವುದು ಕಾಣುತ್ತದೆ. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆದ ತಾಯಂದಿರ ಕೆಲವು ಮಕ್ಕಳಲ್ಲಿ ಕಿವಿ ಕೇಳಿಸುವುದರಲ್ಲಿ ದೋಷ ವರದಿಯಾಗಿದೆ. ಈ ಮಕ್ಕಳು ದೊಡ್ಡವರಾಗಿ, ನಡುವಯಸ್ಸಿಗೆ ಬಂದಮೇಲೆ ಹೇಗಿರುತ್ತಾರೆ ಎಂಬುದನ್ನು ಕಾಲವೇ ಹೇಳಬೇಕು. ಅದಕ್ಕಾಗಿಯೇ ಅವರನ್ನು ವರ್ಷ ವರ್ಷವೂ ನೋಡುತ್ತಿರಬೇಕು.

33ನೇ ವಾರದ ನಾಲ್ಕನೇ ಕೀಮೋ ನಂತರ ನಿಲ್ಲಿಸಿದರು. ಹೆರಿಗೆಗೂ ಕೊನೆಯ ಕೀಮೋಗೂ ನಡುವೆ ಕಡಿಮೆಯೆಂದರೆ ಮೂರು ವಾರ ಅಂತರ ಬೇಕು. ಇಲ್ಲದಿದ್ದರೆ ತಾಯಿಯ ರಕ್ತಕಣಗಳು ಕುಸಿದಿರುವಾಗಲೇ ನೋವು ಕಾಣಿಸಿಕೊಂಡು ರಕ್ತಸ್ರಾವ, ಸೋಂಕು ಎರಡೂ ಒದಗಬಹುದು. ಮಗುವಿನ ರಕ್ತಕಣಗಳೂ ಕಡಿಮೆಯಾಗಿರಬಹುದು, ಹುಟ್ಟಿದ ಕೂಸಿಗೆ ಔಷಧಿಯನ್ನು ಹೊರಹಾಕುವ ಶಕ್ತಿಯೂ ಸಾಲದು. 37 ವಾರ, 2 ದಿನಕ್ಕೆ ನೋವು ಬರಿಸಿದರು. ಸಿಸೇರಿಯನ್ ಬೇಕಾಗಲಿಲ್ಲ. ಎರಡು ಕಿಲೋ ಮುನ್ನೂರು ಗ್ರಾಂ ತೂಕದ ಹೆಣ್ಣುಮಗು. ತಲೆತುಂಬ ಕೂದಲು. ಅಮ್ಮನ ತಲೆಯಲ್ಲಿ ಆಗ ಒಂದು ಎಳೆಯೂ ಇರಲಿಲ್ಲ.

ಮಗು ಅತ್ತಿತು, ನಾವೂ ಅತ್ತೆವು. ಆದರೆ ಆ ಗದ್ದಲದ ನಡುವೆ ನನ್ನ ಕಣ್ಣು ಹೋದದ್ದು ಕೋಣೆಯ ಮೂಲೆಗೆ. ಅಲ್ಲಿ ಒಬ್ಬ ಕಿರಿಯ ವೈದ್ಯೆ ಸ್ಟೀಲ್ ಟ್ರೇಯಲ್ಲಿದ್ದ ಮಾಸನ್ನು ಎರಡೂ ಕೈಗಳಿಂದ ಬಿಡಿಸಿ ಹರಡಿ, ದೀಪದ ಕೆಳಗೆ ಬೆರಳಿನಿಂದ ಅದರ ಮೈಯನ್ನು ಸವರಿ ನೋಡುತ್ತಿದ್ದರು. ಸಾಮಾನ್ಯವಾಗಿ ಯಾರೂ ಎರಡನೇ ಸಲ ನೋಡದ ವಸ್ತು ಅದು. ಅವರು ಅದನ್ನು ದೊಡ್ಡ ಡಬ್ಬಿಯಲ್ಲಿಟ್ಟು ಫಾರ್ಮಲಿನ್ ಸುರಿದು, ಮೇಲೆ ತಂಗಿಯ ಹೆಸರಿನ ಚೀಟಿ ಅಂಟಿಸಿದರು. ಕ್ಯಾನ್ಸರ್ ಕೋಶಗಳು ಮಾಸಿಗೆ ಬಂದಿವೆಯೇ ಎಂದು ಪರೀಕ್ಷಿಸಲು ಅದನ್ನು ಲ್ಯಾಬಿಗೆ ಕಳಿಸಬೇಕು. ತಾಯಿಯ ಕ್ಯಾನ್ಸರ್ ಮಗುವಿಗೆ ಹರಡುವುದು ಅತ್ಯಂತ ವಿರಳ. ಹಾಗೆ ಹರಡಿದ ಬೆರಳೆಣಿಕೆಯ ಪ್ರಕರಣಗಳಲ್ಲಿ ಮೆಲನೋಮಾದ ಪಾಲು ದೊಡ್ಡದು. ಜಪಾನಿನಲ್ಲಿ ಇಬ್ಬರು ಗಂಡುಮಕ್ಕಳ ಶ್ವಾಸಕೋಶದಲ್ಲಿ ಕಾಣಿಸಿಕೊಂಡ ಗಡ್ಡೆಗಳು ಅವರ ತಾಯಂದಿರ ಗರ್ಭಕಂಠದ ಕ್ಯಾನ್ಸರಿನವೇ ಎಂದು 2021ರಲ್ಲಿ ವರದಿಯಾಯಿತು. ಸಹಜ ಹೆರಿಗೆಯ ಹೊತ್ತಿನಲ್ಲಿ ಮಗು ಒಳಗೆಳೆದುಕೊಂಡ ದ್ರವದೊಂದಿಗೆ ಕ್ಯಾನ್ಸರ್ ಕೋಶಗಳು ಒಳಹೋಗಿದ್ದಿರಬೇಕು ಎಂದು ಅಲ್ಲಿನ ವೈದ್ಯರು ನಿರ್ಣಯಿಸಿದರು. ಗರ್ಭಕಂಠದ ಕ್ಯಾನ್ಸರ್ ಇದ್ದವರಿಗೆ ಸಿಸೇರಿಯನ್ನೇ ಸರಿಯೆನ್ನಲು ಇದೂ ಒಂದು ಕಾರಣ. ನಮ್ಮ ಮಾಸಿನ ವರದಿ ಆರನೇ ದಿನ ಬಂತು. ಒಂದೇ ಸಾಲು: ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ. ಅದನ್ನು ನೋಟ್‌ಬುಕ್ಕಿನ ಯಾವ ಬದಿಗೆ ಬರೆಯಬೇಕೆಂದು ತಿಳಿಯದೆ ಗೆರೆಯ ಮೇಲೆಯೇ ಬರೆದಿದ್ದೇನೆ.

ಹೆರಿಗೆಯೊಂದಿಗೆ ಎಲ್ಲ ಮುಗಿಯಿತೆಂದು ನೋಡಲು ಬಂದವರು ಭಾವಿಸಿದರು. ತಂಗಿಗೆ ಅತ್ಯಂತ ಕಷ್ಟದ ದಿನಗಳು ಆಗ ಆರಂಭವಾದವು. ಕೊನೆಯ ಕೀಮೋ ಆಗಿ ನಾಲ್ಕು ವಾರ ಕಳೆದಿದ್ದರಿಂದ ಮುಂದಿನ ಔಷಧಿ ಆರಂಭವಾಗುವವರೆಗೆ ಬಲಗಡೆಯಿಂದ ಹಾಲೂಡಿಸಬಹುದು ಎಂದು ವೈದ್ಯರು ಒಪ್ಪಿದರು. ಅವಳಿಗೆ ಸಿಕ್ಕಿದ್ದು ಒಂಬತ್ತು ದಿನ. ಹತ್ತನೇ ದಿನದಿಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ, ವಾರಕ್ಕೊಂದರಂತೆ ಹನ್ನೆರಡು ವಾರ. ಔಷಧಿ ಎದೆಹಾಲಿಗೆ ಇಳಿಯುವುದರಿಂದ ಹಾಲು ನಿಲ್ಲಿಸುವ ಮಾತ್ರೆ ಕೊಟ್ಟರು. ಬಸುರಿನಲ್ಲಿ ಮಾಸು ಮಗುವಿಗೆ ಅಡ್ಡಗೋಡೆಯಾಗಿ ನಿಂತಿತ್ತು. ಈಗ ಆ ಗೋಡೆ ಇರಲಿಲ್ಲ. ಮಗು ಪಕ್ಕದ ಕೋಣೆಯಲ್ಲಿ ಅತ್ತಾಗ ಇವಳ ರವಿಕೆ ಒದ್ದೆಯಾಗುತ್ತಿತ್ತು. ಬಾಟಲಿ ಹಿಡಿದು ಮಗುವಿಗೆ ಹಾಲು ಕುಡಿಸುತ್ತಿದ್ದ ನನ್ನನ್ನು ನೋಡಿ, "ಕೊಡು ಅಕ್ಕ, ಬಾಟಲಿಯನ್ನಾದರೂ ನಾನೇ ಹಿಡೀತೀನಿ" ಎಂದು ಅವಳು ಎದ್ದು ಬರುತ್ತಿದ್ದಳು. ಕೀಮೋ ದಿನಗಳಲ್ಲಿ ಕೈಬೆರಳುಗಳು ಜೋಮು ಹಿಡಿದು ಬಾಟಲಿ ಜಾರುತ್ತಿತ್ತು. ಆಗ ಅವಳ ಕೈಯ ಮೇಲೆ ನನ್ನ ಕೈಯಿಟ್ಟು ಇಬ್ಬರೂ ಹಿಡಿಯುತ್ತಿದ್ದೆವು. ಶಸ್ತ್ರಚಿಕಿತ್ಸೆ ಆಮೇಲೆ, ಅದಾದ ಮೇಲೆ ವಿಕಿರಣ ಚಿಕಿತ್ಸೆ, ಕೊನೆಗೆ ಟ್ಯಾಮಾಕ್ಸಿಫೆನ್. ಬಾಣಂತಿಯ ಮನಸ್ಸು ಕುಸಿಯುವ ದಿನಗಳು ಅವು. ಅವಳ ಗಡ್ಡೆಯನ್ನು ಅಳೆದವರು ಎಷ್ಟೋ ಜನರಿದ್ದರು. ನಿದ್ದೆ ಬರುತ್ತಿದೆಯೇ, ಮಗುವನ್ನು ನೋಡಿದರೆ ಹೆದರಿಕೆಯಾಗುತ್ತಿದೆಯೇ ಎಂದು ಕೇಳಿದವರು ವಿಕಿರಣ ಕೊಡುತ್ತಿದ್ದ ತಂತ್ರಜ್ಞೆಯೊಬ್ಬರೇ. ಪ್ರಸೂತಿ ತಜ್ಞರು, ಕ್ಯಾನ್ಸರ್ ತಜ್ಞರು, ನವಜಾತ ಶಿಶು ತಜ್ಞರು ಒಂದೇ ಮೇಜಿನ ಸುತ್ತ ಕೂತು ಮಾತಾಡಿದ್ದು ನಮ್ಮ ಪುಣ್ಯ ಎಂದು ನಾನು ನಂಬುತ್ತೇನೆ. ಆ ಮೇಜಿನ ಬಳಿ ಮನೋವೈದ್ಯರಿಗೂ ಒಂದು ಕುರ್ಚಿ ಇರಬೇಕಿತ್ತು.

ಆ ಹೆಣ್ಣುಮಗಳಿಗೆ ಫೋನಿನಲ್ಲಿ ನಾನು ಇಷ್ಟೆಲ್ಲ ಹೇಳಲಿಲ್ಲ. ನಿಮ್ಮ ಅತ್ತಿಗೆಗೆ ಇವತ್ತಿಗೆ ಎಷ್ಟು ವಾರ, ಎಷ್ಟು ದಿನ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ, ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟು, ಹತ್ತು ನಿಮಿಷಕ್ಕೆ ಮತ್ತೆ ಮಾಡಿದಳು. 19 ವಾರ, 3 ದಿನ. ಮೇಜಿನ ಖಾನೆಯಿಂದ ನೋಟ್‌ಬುಕ್ ತೆಗೆದು, ಕೊನೆಯಲ್ಲಿ ಉಳಿದಿದ್ದ ಖಾಲಿ ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ ಅದನ್ನು ಬರೆದುಕೊಂಡೆ.